ವಕೀಲರ ಕಚೇರಿಯ ಕಂಪ್ಯೂಟರ್‌ನಲ್ಲಿ ಕಾಗದಪತ್ರ ಜೋಡಿಸುವುದು, ಟ್ಯಾಗ್ ಹಚ್ಚುವುದು

ಗದಗಿನಲ್ಲಿ ಹೂಡಿದ ಒಂದು ಹೊಲದ ದಾವೆ ಮುಗಿಯುವ ಹೊತ್ತಿಗೆ ನಾಲ್ಕು ನಂಬರು ಹೊತ್ತಿರುತ್ತದೆ. ಸಿವಿಲ್ ನ್ಯಾಯಾಲಯದಲ್ಲಿ ಓ.ಎಸ್. (ಮೂಲ ದಾವೆ), ಮೇಲ್ಮನವಿಗೆ ಹೋದಾಗ ಆರ್.ಎ., ಅಲ್ಲಿಂದ ಧಾರವಾಡದ ಹೈಕೋರ್ಟ್ ಪೀಠಕ್ಕೆ ಬಂದರೆ ಆರ್.ಎಸ್.ಎ. (ಎರಡನೇ ಮೇಲ್ಮನವಿ), ಕಬ್ಜಾ ಪಡೆಯಲು ತಿರುಗಿ ಗದಗಿಗೇ ಹೋದಾಗ ದರಖಾಸ್ತು (ಡಿಕ್ರಿ ಜಾರಿಯ ಅರ್ಜಿ). ವಾಟ್ನಿ (ಆಸ್ತಿ ವಿಭಾಗದ) ದಾವೆಯಾದರೆ ಅಂತಿಮ ಡಿಕ್ರಿಗೆ ಎಫ್.ಡಿ.ಪಿ. ಒಂದು ಬೇರೆ. ಕಾಗದಗಳು ಮಾತ್ರ ಅವೇ: ಅದೇ ಉತಾರ (ಪಹಣಿ), ಅದೇ ವಾಟ್ನಿ ಪತ್ರ, ಅದೇ ವಂಶವೃಕ್ಷ. ಕೋರ್ಟಿನ ನಂಬರಿನ ಮೇಲೆ ಫೋಲ್ಡರ್ ಮಾಡಿಕೊಂಡ ಕಚೇರಿಯಲ್ಲಿ ಇವು ನಾಲ್ಕು ಕಡೆ ಚದುರಿಹೋಗುತ್ತವೆ. ಇಲ್ಲವೇ ನಾಲ್ಕು ಕಡೆ ನಕಲಾಗಿ, ಯಾವುದು ಪೂರ್ತಿ ಪುಟಗಳಿರುವ ಪ್ರತಿ ಎಂಬುದೇ ತಿಳಿಯದಾಗುತ್ತದೆ.

ಆದ್ದರಿಂದ ಮೊದಲ ಕೆಲಸ, ಪ್ರತಿ ಪ್ರಕರಣಕ್ಕೂ ಕಚೇರಿಯದೇ ಒಂದು ನಂಬರು. ವಕಾಲತ್ತಿಗೆ ಸಹಿಯಾದ ದಿನ ಅದು ಹುಟ್ಟಬೇಕು, ಮುಂದೆ ಎಂದೂ ಬದಲಾಗಬಾರದು, ಪ್ರಕರಣ ಮುಗಿದರೂ ಬೇರೆಯದಕ್ಕೆ ಹೋಗಬಾರದು. ವರ್ಷ ಮತ್ತು ನಾಲ್ಕಂಕಿಯ ಕ್ರಮಸಂಖ್ಯೆ ಸಾಕು: 2024-0147. ಮುಂದಿನ ಸೊನ್ನೆ ಬಿಡಬೇಡಿ. ಸೊನ್ನೆಯಿಲ್ಲದಿದ್ದರೆ ಕೆಲವು ಕಡೆ 2024-1000 ಎಂಬುದು 2024-147ಕ್ಕಿಂತ ಮೊದಲು ಬಂದು ಕೂರುತ್ತದೆ. ಗುನ್ನೆ ಪ್ರಕರಣಕ್ಕೂ ಇದೇ ರೀತಿ. ಠಾಣೆಯ ಗುನ್ನೆ ನಂಬರು, ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಿ.ಸಿ., ಸೆಷನ್ಸ್‌ಗೆ ಹೋದರೆ ಎಸ್.ಸಿ., ನಡುವೆ ಜಾಮೀನಿನ ಅರ್ಜಿಯ ನಂಬರು. ಎಲ್ಲವೂ ಒಂದೇ ಕಚೇರಿ ನಂಬರಿನ ಕೆಳಗೆ. ಅದೇ ನಂಬರನ್ನು ಕಾಗದದ ಫೈಲಿನ ರಟ್ಟಿನ ಮೇಲೂ ದಪ್ಪಗೆ ಬರೆಯಬೇಕು. ಕಪಾಟಿಗೂ ಕಂಪ್ಯೂಟರಿಗೂ ಎರಡು ಲೆಕ್ಕ ಇಟ್ಟ ಕಚೇರಿ ಆರು ತಿಂಗಳಲ್ಲಿ ಎರಡನ್ನೂ ಕಳೆದುಕೊಳ್ಳುತ್ತದೆ.

ರಿಜಿಸ್ಟರ್

ಕೋರ್ಟಿನ ನಂಬರುಗಳು ಹೋಗಬೇಕಾದ ಜಾಗ ಫೋಲ್ಡರಿನ ಹೆಸರಲ್ಲ, ರಿಜಿಸ್ಟರ್. ಎಕ್ಸೆಲ್ ಅಥವಾ ಲಿಬ್ರೆಆಫೀಸ್‌ನಲ್ಲಿ ಒಂದು ಹಾಳೆ ಸಾಕು. ಅಂಕಣಗಳು ಇವು: ಕಚೇರಿ ನಂಬರು, ಪಕ್ಷಗಾರರ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಎದುರುದಾರರ ಹೆಸರು, ನ್ಯಾಯಾಲಯ, ಮೂಲ ನಂಬರು, ಮೇಲ್ಮನವಿ ನಂಬರು, ಹೈಕೋರ್ಟ್ ನಂಬರು, ದರಖಾಸ್ತು ನಂಬರು, ಸಿ.ಎನ್.ಆರ್., ಆಸ್ತಿಯ ನಂಬರು, ಕಪಾಟಿನ ಸಾಲು, ಸ್ಥಿತಿ.

ಊರಿನ ಅಂಕಣ ಅಲಂಕಾರಕ್ಕಲ್ಲ. ಪಾಟೀಲ, ಹಿರೇಮಠ, ಬಡಿಗೇರ, ಹೂಗಾರ ಎಂದಷ್ಟೇ ಹುಡುಕಿದರೆ ನಮ್ಮ ಭಾಗದ ಯಾವ ಕಚೇರಿಯಲ್ಲೂ ಹತ್ತಿಪ್ಪತ್ತು ಫೈಲು ಎದ್ದು ಬರುತ್ತವೆ. ತಂದೆಯ ಹೆಸರೂ ಊರೂ ಸೇರಿದಾಗಲೇ ಒಬ್ಬ ಮನುಷ್ಯ ಸಿಗುತ್ತಾನೆ. ಎದುರುದಾರರ ಅಂಕಣಕ್ಕೆ ಇನ್ನೂ ದೊಡ್ಡ ಉಪಯೋಗವಿದೆ. ಹೊಸಬರು ವಕಾಲತ್ತು ಹಿಡಿದು ಬಂದಾಗ ಅವರ ಹೆಸರನ್ನು ಈ ಅಂಕಣದಲ್ಲಿ ಹುಡುಕಿ. ಹತ್ತು ವರ್ಷದ ಹಿಂದೆ ಅವರ ಅಣ್ಣನ ಪರವಾಗಿ ಅದೇ ಹೊಲದ ದಾವೆ ನಡೆಸಿದ್ದರೆ ಸಹಿಗೆ ಮೊದಲೇ ಗೊತ್ತಾಗಲಿ.

ಸಿ.ಎನ್.ಆರ್. ಎಂದರೆ ಇ-ಕೋರ್ಟ್ಸ್‌ನಲ್ಲಿ ಪ್ರಕರಣಕ್ಕೆ ಸಿಗುವ 16 ಅಕ್ಷರದ ಗುರುತು: ರಾಜ್ಯಕ್ಕೆ 2 ಅಕ್ಷರ, ಜಿಲ್ಲೆಗೆ 2, ನ್ಯಾಯಾಲಯಕ್ಕೆ 2 ಅಂಕಿ, ಕ್ರಮಸಂಖ್ಯೆಗೆ 6, ವರ್ಷಕ್ಕೆ 4. ಫೈಲಿಂಗ್ ನಂಬರು ಬೇರೆ, ನೋಂದಣಿ ನಂಬರು ಬೇರೆ. ಹೊಸ ಕಾರಕೂನರು ಎರಡನ್ನೂ ಕಲಸಿಬಿಡುತ್ತಾರೆ. ಸಿ.ಎನ್.ಆರ್. ಬರೆದಿಟ್ಟರೆ ಆ ಗೊಂದಲವಿಲ್ಲ. ಧಾರವಾಡ ಪೀಠದ ನಂಬರುಗಳನ್ನು ಆರೂ ಅಂಕಿ ಬರೆಯಿರಿ. ಇಲ್ಲಿನ ಸರಣಿ 1 ಲಕ್ಷದಿಂದ, ಕಲಬುರಗಿಯದು 2 ಲಕ್ಷದಿಂದ ನಡೆಯುತ್ತದೆ. 100452 ಎಂಬುದನ್ನು ಬಾಯಿಮಾತಿನ ರೂಢಿಯಲ್ಲಿ 452 ಎಂದು ಬರೆದರೆ ತೆರೆದುಕೊಳ್ಳುವುದು ಬೆಂಗಳೂರಿನ ಯಾರದೋ ಪ್ರಕರಣ.

ಎಕ್ಸೆಲ್‌ನಲ್ಲಿ ಒಂದು ಮೋಸವಿದೆ. ಸರ್ವೆ ನಂಬರು 12/3 ಎಂದು ಹೊಡೆದರೆ ಅದು ತನ್ನಷ್ಟಕ್ಕೆ ತಾರೀಖು ಎಂದು ತಿಳಿದು 12 ಮಾರ್ಚ್ ಎಂದೋ 3 ಡಿಸೆಂಬರ್ ಎಂದೋ ಮಾಡಿಬಿಡುತ್ತದೆ, 0147 ಎಂದು ಹೊಡೆದರೆ ಸೊನ್ನೆ ನುಂಗುತ್ತದೆ. ಒಮ್ಮೆ ತಾರೀಖಾದದ್ದನ್ನು ಮರಳಿ ಟೆಕ್ಸ್ಟ್ ಮಾಡಿದರೆ ಐದಂಕಿಯ ಯಾವುದೋ ಸಂಖ್ಯೆ ಬರುತ್ತದೆ, ಮೂಲ ಬರುವುದಿಲ್ಲ. ಬರೆಯಲು ಕೂರುವ ಮೊದಲೇ ಆ ಅಂಕಣಗಳನ್ನು ಪೂರ್ತಿ ಆಯ್ದು, ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ಟೆಕ್ಸ್ಟ್ ಎಂದು ಮಾಡಿಡಿ.

ಫೋಲ್ಡರ್, ಕಡತದ ಹೆಸರು

ಪ್ರತಿ ಕಚೇರಿ ನಂಬರಿನ ಕೆಳಗೆ ಏಳು ಫೋಲ್ಡರ್, ಅದಕ್ಕಿಂತ ಒಳಗೆ ಇನ್ನೊಂದು ಬೇಡ:

01 ವಕಾಲತ್ತು, ಪತ್ರವ್ಯವಹಾರ
02 ದಾವೆ, ಕೈಫಿಯತ್ (ಪ್ರತಿವಾದಿಯ ಉತ್ತರ)
03 ಮಧ್ಯಂತರ ಅರ್ಜಿ (ಐಎ), ತಕರಾರು
04 ದಾಖಲೆ
05 ಸಾಕ್ಷಿ
06 ಆದೇಶ, ತೀರ್ಪು, ಡಿಕ್ರಿ
07 ಕರಡು

ಆಳಕ್ಕೆ ಹೋದಷ್ಟೂ ಹುಡುಕುವುದು ಕಷ್ಟ, ಅದು ಒಂದು ಕಾರಣ. ಇನ್ನೊಂದು ತಾಂತ್ರಿಕ: ವಿಂಡೋಸ್‌ನಲ್ಲಿ ಡ್ರೈವ್‌ನಿಂದ ಕಡತದ ಹೆಸರಿನ ಕೊನೆಯವರೆಗೆ ಒಟ್ಟು 260 ಅಕ್ಷರದ ಹಳೆಯ ಮಿತಿ ಇಂದಿಗೂ ಹಲವು ತಂತ್ರಾಂಶಗಳಲ್ಲಿ ಕಾಡುತ್ತದೆ. ಮಿತಿ ಮೀರಿದ ಕಡತ ಕಣ್ಣಿಗೆ ಕಾಣುತ್ತದೆ, ಆದರೆ ತೆರೆಯುವುದಿಲ್ಲ, ಪೆನ್‌ಡ್ರೈವ್‌ಗೆ ನಕಲೂ ಆಗುವುದಿಲ್ಲ. ಕನ್ನಡದಲ್ಲಿ ಹೆಸರಿಡುವವರು ಇನ್ನಷ್ಟು ಚಿಕ್ಕದಾಗಿ ಇಡಬೇಕು. ಒತ್ತಕ್ಷರ, ಕಾಗುಣಿತದ ಚಿಹ್ನೆ ಎಲ್ಲವೂ ಬೇರೆ ಬೇರೆ ಅಕ್ಷರಗಳಾಗಿಯೇ ಎಣಿಕೆಗೆ ಬರುತ್ತವೆ. ಇಲ್ಲಿ ಮಾದರಿಗಳನ್ನು ಕನ್ನಡದಲ್ಲಿ ಕೊಟ್ಟಿದೆ. ಇಂಗ್ಲಿಷ್ ಅಕ್ಷರದಲ್ಲಿಟ್ಟರೂ ನಿಯಮ ಇದೇ. ಕಚೇರಿ ಯಾವುದಾದರೂ ಒಂದನ್ನು ಹಿಡಿಯಲಿ, ಎರಡನ್ನೂ ಬೆರೆಸದಿರಲಿ.

ಹೆಸರಿನ ಕ್ರಮ: ಕಚೇರಿ ನಂಬರು, ದಾಖಲೆಯ ತಾರೀಖು, ಬಗೆ, ಯಾರದು ಅಥವಾ ಯಾವುದು.

2024-0147_1994-05-12_ವಾಟ್ನಿಪತ್ರ_ಮೂವರುಅಣ್ಣತಮ್ಮ
2024-0147_2024-09-03_ಕೈಫಿಯತ್_ಪ್ರತಿವಾದಿ2
2024-0147_2025-01-20_ಆದೇಶ_ಐಎ1

ತಾರೀಖು ವರ್ಷ-ತಿಂಗಳು-ದಿನ ಎಂದೇ ಇರಲಿ, ಆಗ ಫೋಲ್ಡರ್ ತೆರೆದರೆ ಕಾಗದಗಳು ಕಾಲಕ್ರಮದಲ್ಲಿ ನಿಲ್ಲುತ್ತವೆ. ದಾವೆಯ ಸಂಗತಿಗಳನ್ನು ಬರೆಯುವವರಿಗೆ ಅರ್ಧ ಕೆಲಸ ಅಲ್ಲೇ ಆದ ಹಾಗೆ. ಅದು ಕಾಗದದ ಮೇಲಿರುವ ತಾರೀಖು, ಸ್ಕ್ಯಾನ್ ಮಾಡಿದ್ದಲ್ಲ. ಖರೇದಿ ಪತ್ರಕ್ಕೆ ಬರೆದುಕೊಟ್ಟ ದಿನ ಹಾಕಿ. ನೋಂದಣಿಯ ದಿನವೂ ನಂಬರೂ ರಿಜಿಸ್ಟರ್‌ನಲ್ಲಿರಲಿ. ವರ್ಷವಷ್ಟೇ ಗೊತ್ತಿದ್ದರೆ 1971-00-00. ತಾರೀಖೇ ಇಲ್ಲದ ವಂಶವೃಕ್ಷದಂಥವಕ್ಕೆ 0000-00-00, ಅವು ಎಲ್ಲಕ್ಕಿಂತ ಮೇಲೆ ಕೂರುತ್ತವೆ. ಉತಾರಕ್ಕೆ ಮುದ್ರಿಸಿಕೊಂಡ ದಿನ ಮುಖ್ಯವಲ್ಲ, ಅದು ಯಾವ ಸಾಲಿನದು, ಅಂದರೆ ಯಾವ ವರ್ಷದ್ದು ಎಂಬುದು ಮುಖ್ಯ. 1998-99ರ ಉತಾರವನ್ನು 2024ರಲ್ಲಿ ತೆಗೆಸಿದ್ದರೆ ಹೆಸರಿನಲ್ಲಿ 1998 ಇರಬೇಕು.

ಓರೆಗೆರೆ, ಹಿಂದೋರೆಗೆರೆ, ವಿವರಣಚಿಹ್ನೆ, ನಕ್ಷತ್ರ, ಪ್ರಶ್ನಾರ್ಥಕ, ಜೋಡಿ ಉದ್ಧರಣಚಿಹ್ನೆ, ಕೋನಾವರಣ, ನೆಟ್ಟಗೆರೆ (/ \ : * ? " < > |) ಇವನ್ನು ವಿಂಡೋಸ್ ಹೆಸರಿನಲ್ಲಿ ಬಿಡುವುದಿಲ್ಲ. ಹಾಗಾಗಿ ಓ.ಎಸ್. 214/2019 ಎಂಬುದು 214-2019 ಆಗಲಿ, ಹಿಸ್ಸಾ 45/1ಅ ಎಂಬುದು 45-1ಅ ಆಗಲಿ.

ಕರಡಿನ ವಿಷಯ. ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಎಂಬ ಮೂರು ಕಡತ ಒಂದೇ ಕಡೆ ಇದ್ದರೆ ಕೋರ್ಟಿಗೆ ಹಾಕಿದ್ದು ಯಾವುದು ಎಂದು ಆಣೆ ಮಾಡಿ ಹೇಳುವವರು ಯಾರೂ ಇರುವುದಿಲ್ಲ. ಕರಡುಗಳು 07ರಲ್ಲಿ ಕ1, ಕ2, ಕ3 ಎಂದು ಬೆಳೆಯಲಿ. 02ಕ್ಕೆ ಹೋಗುವುದು ಒಂದೇ: ಸಹಿ, ಪ್ರಮಾಣ, ಕೋರ್ಟಿನ ಸಿಕ್ಕೆ ಬಿದ್ದ ಪ್ರತಿಯ ಸ್ಕ್ಯಾನ್. ಪಾಟೀಸವಾಲಿನ ಹೊತ್ತಿಗೆ ‘ದಾವೆಯ 6ನೇ ಪ್ಯಾರಾದಲ್ಲಿ ಹೀಗೆ ಹೇಳಿದ್ದೀರಿ’ ಎನ್ನಬೇಕಾದರೆ ಆ ಪ್ಯಾರಾ ನಂಬರು ಸಲ್ಲಿಸಿದ ಪ್ರತಿಯದೇ ಆಗಿರಬೇಕು.

ಸ್ಕ್ಯಾನ್

ಬಣ್ಣದಲ್ಲಿ, 300 ಡಿಪಿಐ. ಜಾಗ ಉಳಿಯಲೆಂದು ಕಪ್ಪು-ಬಿಳುಪಿನಲ್ಲಿ ತೆಗೆದರೆ ನೇರಳೆ ಸಿಕ್ಕೆ ಮಾಯವಾಗುತ್ತದೆ, ಹೆಬ್ಬೆಟ್ಟು ಬರೀ ಕರಿ ಮಚ್ಚೆಯಾಗುತ್ತದೆ, ಮಾಸಿದ ಶಾಯಿ ಎದ್ದೇಳುವುದಿಲ್ಲ. ಟೈಪು ಮಾಡಿದ ಅರ್ಜಿಗೆ ಕಪ್ಪು-ಬಿಳುಪು ನಡೆದೀತು. ಖರೇದಿ ಪತ್ರ, ಬಕ್ಷೀಸ್ ಪತ್ರ, ಮೃತ್ಯುಪತ್ರಕ್ಕೆ ಬೇಡವೇ ಬೇಡ.

ಹೆಚ್ಚು ಕೆಡುವುದು ಈ ಮೂರು ಕಡೆ. ಒಂದು, ಹಾಳೆಯ ಹಿಂಬದಿ. ಹಳೆಯ ನೋಂದಾಯಿತ ಪತ್ರಗಳಲ್ಲಿ ಉಪನೋಂದಣಾಧಿಕಾರಿಯ ಬರಹ, ಗುರುತಿಸಿದ ಸಾಕ್ಷಿಗಳ ಸಹಿ, ಛಾಪಾ ಕಾಗದ ಮಾರಿದವರ ಸಿಕ್ಕೆ ಎಲ್ಲ ಹಿಂದೆಯೇ ಇರುತ್ತವೆ. ಖಾಲಿ ಕಂಡರೂ ಎರಡೂ ಬದಿ ತೆಗೆಯಿರಿ, ಆಮೇಲೆ ಹಾಳೆ ಎಣಿಸಿ ಎರಡರಿಂದ ಗುಣಿಸಿ ಪುಟಸಂಖ್ಯೆಗೆ ತಾಳೆ ನೋಡಿ. ಎರಡು, ಅಳತೆ. ಲೀಗಲ್ ಹಾಳೆಯನ್ನು ಎ4ಕ್ಕೆ ಹೊಂದಿಸಿದ ಸ್ಕ್ಯಾನರ್ ಕೆಳಗಿನ ಐದಾರು ಸಾಲು ಕತ್ತರಿಸುತ್ತದೆ, ಪ್ರತಿ ಪುಟದ ಸಹಿ ಇರುವುದು ಅಲ್ಲಿಯೇ. ಮೂರು, ಮೊಬೈಲ್ ಆ್ಯಪ್. ಅಂಚು ತಾನೇ ಹುಡುಕಿ ಕತ್ತರಿಸುವಾಗ ಎಡಬದಿಯ ಬರಹ ಹೋಗುತ್ತದೆ. ಸ್ವಚ್ಛ ಮಾಡುವ ಫಿಲ್ಟರ್ ಹಾಕಿದರೆ ಸಿಕ್ಕೆಯೂ ಕೊಳೆಯೆಂದು ಅಳಿಸಿಹೋಗುತ್ತದೆ. ತುರ್ತಿಗೆ ಮೊಬೈಲ್ ಬಳಸಿದರೂ ಫಿಲ್ಟರ್ ಬೇಡ.

ಮಡಿಕೆಯಲ್ಲಿ ಹರಿದ ಹಾಳೆಯನ್ನು ತಾನೇ ಎಳೆದುಕೊಳ್ಳುವ ಸ್ಕ್ಯಾನರಿಗೆ ಕೊಡಬೇಡಿ, ಗಾಜಿನ ಮೇಲೆ ಬೋರಲು ಇಟ್ಟೇ ತೆಗೆಯಿರಿ. ಒಂದು ದಾಖಲೆಗೆ ಒಂದೇ ಪಿಡಿಎಫ್. ಇಡೀ ಕಟ್ಟನ್ನು ಒಂದೇ ಪಿಡಿಎಫ್ ಮಾಡಿ 212 ಪುಟ ಗುಡ್ಡೆ ಹಾಕಿದರೆ ಅದಕ್ಕೆ ಟ್ಯಾಗ್ ಹಚ್ಚುವ ಅರ್ಥವೇ ಉಳಿಯುವುದಿಲ್ಲ. ಸ್ಕ್ಯಾನರಿನ ಮುಂದಿನಿಂದ ಏಳುವ ಮೊದಲೇ ಹೆಸರು ಬದಲಿಸಿ. ನಾಳೆಗೆಂದು ಬಿಟ್ಟ ‘ಸ್ಕ್ಯಾನ್0037’ ಮುಂದಿನ ಯುಗಾದಿಗೂ ಹಾಗೇ ಇರುತ್ತದೆ.

ದೃಢೀಕೃತ ನಕಲು ಬಂದಾಗ ಕೊನೆಯ ಪುಟವನ್ನು ಮರೆಯದೆ ತೆಗೆಯಿರಿ. ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ ಅದರಲ್ಲಿವೆ. ಸಿವಿಲ್ ದಾವೆಯಲ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿಗೆ 30 ದಿನ, ಹೈಕೋರ್ಟಿಗೆ 90 ದಿನ. ಕಾಲಮಿತಿ ಕಾಯ್ದೆಯ 12ನೇ ಕಲಮಿನಂತೆ ನಕಲಿಗೆ ಹಿಡಿದ ಸಮಯವನ್ನು ಕಳೆಯುವ ಲೆಕ್ಕ ನಿಲ್ಲುವುದು ಆ ಪುಟದ ಮೇಲೆಯೇ.

ಅಕ್ಷರ ಓದಿಸುವುದು

ಸ್ಕ್ಯಾನ್ ಬರೀ ಚಿತ್ರ. ಒಳಗಿನ ಪದ ಹುಡುಕಬೇಕಾದರೆ ಓಸಿಆರ್ ಮಾಡಬೇಕು, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಕಂಪ್ಯೂಟರಿನಿಂದ ಓದಿಸಿ ಪಠ್ಯ ಮಾಡಬೇಕು. ಉಚಿತವಾಗಿ ಸಿಗುವ ಟೆಸರಾಕ್ಟ್ ತಂತ್ರಾಂಶ ಮುದ್ರಿತ ಕನ್ನಡವನ್ನು ಸುಮಾರಾಗಿ ಓದುತ್ತದೆ, ಕನ್ನಡ-ಇಂಗ್ಲಿಷ್ ಎರಡೂ ಭಾಷೆಯನ್ನು ಒಟ್ಟಿಗೆ ಹಾಕಬಹುದು. ಕೈಬರಹವನ್ನು ನಂಬಿ ಬಿಡುವಂತಿಲ್ಲ. ಮುಂಬಯಿ ಪ್ರಾಂತ್ಯದ ಕಾಲದ ಮೋಡಿ ಲಿಪಿಯ ಬರಹವಂತೂ ಓದುವವರಿಂದಲೇ ಓದಿಸಬೇಕು. ಆ ಲಿಪ್ಯಂತರವನ್ನು ಅದೇ ಹೆಸರಿನ ಕೊನೆಗೆ ‘ಲಿಪ್ಯಂತರ’ ಎಂದು ಸೇರಿಸಿ ಪಕ್ಕದಲ್ಲೇ ಇಡಿ.

‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ಕಡತಗಳದು ಬೇರೆಯೇ ಪಾಡು. ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಯುನಿಕೋಡ್ ಅಲ್ಲ, ಇಂಗ್ಲಿಷಿನ ಸಂಕೇತಗಳು. ‘ಕೈಫಿಯತ್’ ಎಂದು ಹುಡುಕಿದರೆ ಸಿಗುವುದಿಲ್ಲ, ನಕಲು ತೆಗೆದು ಅಂಟಿಸಿದರೆ ಅರ್ಥವಿಲ್ಲದ ಅಕ್ಷರ ಬರುತ್ತವೆ. ಪರಿವರ್ತಕದಿಂದ ಯುನಿಕೋಡ್ ಮಾಡಿ, ಒತ್ತಕ್ಷರ ಮತ್ತು ಅರ್ಕಾವೊತ್ತುಗಳನ್ನು ಒಮ್ಮೆ ಕಣ್ಣಾಡಿಸಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವಾಗಿ ಕೆಟ್ಟಿರುತ್ತವೆ. ಮೂಲ ಕಡತವನ್ನು ಅಳಿಸಬೇಡಿ.

ಟ್ಯಾಗ್

ಟ್ಯಾಗ್ ಹಚ್ಚುವ ಮುನ್ನ ಕೇಳಿಕೊಳ್ಳಬೇಕಾದ್ದು: ಈ ಪದ ಹಿಡಿದು ಯಾರಾದರೂ ಹುಡುಕುತ್ತಾರೆಯೇ? ‘ಮುಖ್ಯ’, ‘ಅರ್ಜೆಂಟ್’, ‘ಇತರೆ’ ಎಂಬ ಟ್ಯಾಗ್‌ಗಳು ತಿಂಗಳೊಳಗೆ ಅರ್ಧ ಕಡತಗಳ ಮೇಲೆ ಬಿದ್ದು ನಿರುಪಯೋಗಿಯಾಗುತ್ತವೆ. ಫೋಲ್ಡರ್, ಹೆಸರು ಹೇಳಿದ್ದನ್ನು ಟ್ಯಾಗ್ ಮತ್ತೆ ಹೇಳಬೇಕಿಲ್ಲ. ಒಂದು ಕಡತಕ್ಕೆ ಮೂರರಿಂದ ಐದು, ಇಡೀ ಕಚೇರಿಗೆ ಆಸ್ತಿಯವನ್ನು ಬಿಟ್ಟು ನಲವತ್ತರ ಒಳಗೆ. ಹೊಸ ಟ್ಯಾಗ್ ಹುಟ್ಟಿಸುವ ಅಧಿಕಾರ ಕಚೇರಿಯಲ್ಲಿ ಒಬ್ಬರಿಗೇ ಇರಲಿ.

ಪದ ಆಯುವಾಗ ನಮ್ಮ ಭಾಗದ ಎರಡು ಭಾಷೆ ಎದುರಾಗುತ್ತವೆ. ಪಕ್ಷಗಾರರು ಉತಾರ ಎನ್ನುತ್ತಾರೆ, ಸರಕಾರಿ ಕಾಗದ ಪಹಣಿ ಎನ್ನುತ್ತದೆ, ವಕೀಲರು ಆರ್.ಟಿ.ಸಿ. ಎಂದು ಬರೆಯುತ್ತಾರೆ. ಖರೇದಿ ಪತ್ರ, ಕ್ರಯಪತ್ರ, ಸೇಲ್ ಡೀಡ್ ಒಂದೇ. ವಾಟ್ನಿ ಪತ್ರವೂ ವಿಭಾಗಪತ್ರವೂ ಒಂದೇ. ಬಕ್ಷೀಸ್ ಪತ್ರ ದಾನಪತ್ರವೇ. ಯಾವುದಾದರೂ ಒಂದನ್ನು ಟ್ಯಾಗ್ ಮಾಡಿ, ಉಳಿದವನ್ನು ಟ್ಯಾಗ್ ಪಟ್ಟಿಯ ಪಕ್ಕದ ಅಂಕಣದಲ್ಲಿ ‘ಅಂದರೆ’ ಎಂದು ಬರೆದಿಡಿ. ಹೊಸದಾಗಿ ಸೇರಿದ ಜೂನಿಯರ್ ಆ ಪಟ್ಟಿ ನೋಡಿಯೇ ಹಚ್ಚಬೇಕು. ‘ಪಾಟೀಲ’, ‘ಪಾಟೀಲ್’ ಎರಡೂ ಕಂಪ್ಯೂಟರಿಗೆ ಬೇರೆ ಪದಗಳು ಎಂಬುದೂ ಅದೇ ಪಟ್ಟಿಯ ತಲೆಯಲ್ಲಿರಲಿ.

ಆಸ್ತಿಯ ಟ್ಯಾಗ್ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ, ಏಕೆಂದರೆ ಒಂದೇ ಹೊಲದ ಮೇಲೆ ಎರಡು ತಲೆಮಾರು ಬೇರೆ ಬೇರೆ ಪ್ರಕರಣ ನಡೆಸಿರುತ್ತದೆ. ಊರು ಮೊದಲು, ನಂಬರಿನ ಬಗೆ ಆಮೇಲೆ, ನಂಬರು ಕೊನೆಗೆ: ಅಣ್ಣಿಗೇರಿ-ರಿಸ-45-1ಅ. ಬಗೆ ಬಿಡುವಂತಿಲ್ಲ. ಧಾರವಾಡ ಸೀಮೆಯ ಕಾಗದಗಳಲ್ಲಿ ಒಂದೇ ಜಮೀನಿಗೆ ರಿ.ಸ. (ರಿವಿಜನ್ ಸರ್ವೆ) ನಂಬರು ಒಂದು, ಬ್ಲಾಕ್ ನಂಬರು ಇನ್ನೊಂದು ಇರುವುದುಂಟು. 45 ಎಂದಷ್ಟೇ ಬರೆದರೆ ಪಕ್ಕದವರ ಹೊಲವೂ ನಿಮ್ಮದಾಗುತ್ತದೆ. ಹುಬ್ಬಳ್ಳಿ ಶಹರದ ಆಸ್ತಿಗೆ ನಗರ ಸರ್ವೆಯ ಸಿ.ಟಿ.ಎಸ್. ನಂಬರು, ಹಳ್ಳಿಯ ಮನೆಗೆ ಪಂಚಾಯ್ತಿಯ ವಿ.ಪಿ.ಸಿ. ನಂಬರು. ಎರಡು ನಂಬರೂ ಇದ್ದರೆ ಎರಡು ಟ್ಯಾಗ್ ಹಾಕಿ. ಪೋಟ್‌ಹಿಸ್ಸೆಯಾಗಿ 45-1 ಒಡೆದು 45-1ಅ, 45-1ಬ ಆಗಿದ್ದರೆ ಹಳೆಯ ಕಾಗದದ ಮೇಲೆ ಹಳೆಯ ನಂಬರಿನ ಜೊತೆಗೆ ಈಗಿನದನ್ನೂ ಹಚ್ಚಬೇಕು. ಇಲ್ಲವಾದರೆ ಒಡೆಯುವ ಮುಂಚಿನ ಖರೇದಿ ಪತ್ರ ಹುಡುಕಾಟದಲ್ಲಿ ಬರುವುದೇ ಇಲ್ಲ.

ತಾಲೂಕು, ಜಿಲ್ಲೆಯ ಹೆಸರು ಟ್ಯಾಗ್ ಆಗುವುದಾದರೆ ಈಗಿನದನ್ನೇ ಹಾಕಿ. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕಿಂತ ಹಳೆಯ ಪತ್ರಗಳಲ್ಲಿ ‘ಧಾರವಾಡ ಜಿಲ್ಲೆ, ಹಾವೇರಿ ತಾಲೂಕು’ ಎಂದೇ ಇರುತ್ತದೆ. ಲಕ್ಷ್ಮೇಶ್ವರದ ಕಾಗದ ಶಿರಹಟ್ಟಿ ತಾಲೂಕಿನಲ್ಲಿ, ರಟ್ಟೀಹಳ್ಳಿಯದು ಹಿರೇಕೆರೂರಿನಲ್ಲಿ ಸಿಗುತ್ತದೆ. ಇಂಗ್ಲಿಷ್ ಕಾಗದಗಳಲ್ಲಿ 2014ರ ನವೆಂಬರ್ 1ಕ್ಕಿಂತ ಮೊದಲು ಹುಬ್ಬಳ್ಳಿ ‘ಹುಬ್ಲಿ’ಯಾಗಿತ್ತು, ಇನ್ನೂ ಹಳೆಯವುಗಳಲ್ಲಿ ಧಾರವಾಡ ‘ಧಾರ್ವಾರ್’. ಓಸಿಆರ್ ಮಾಡಿದ ಪಠ್ಯದಲ್ಲಿ ಹುಡುಕುವಾಗ ಎಲ್ಲ ರೂಪಗಳನ್ನೂ ಹಾಕಿ ನೋಡಬೇಕು. ಟ್ಯಾಗ್ ಇದ್ದರೆ ಒಂದೇ ಸಾಕು.

ಕಲಮಿನ ಟ್ಯಾಗ್‌ನಲ್ಲಿ ಕಾಯ್ದೆಯ ಹೆಸರಿಲ್ಲದೆ ನಂಬರು ಬರೆಯಲೇಬಾರದು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿ.ಆರ್.ಪಿ.ಸಿ.) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿ.ಎನ್.ಎಸ್.ಎಸ್.) ಸೇರಿ ಹೊಸ ಸಂಹಿತೆಗಳು ಬಂದ ಮೇಲೆ ಇದು ಬರೀ ಅಚ್ಚುಕಟ್ಟಿನ ಮಾತಾಗಿ ಉಳಿದಿಲ್ಲ. ಸಿ.ಆರ್.ಪಿ.ಸಿ.ಯ 482ನೇ ಕಲಮು ಪ್ರಕರಣ ರದ್ದತಿಗೆ ಇದ್ದದ್ದು, ಅದೀಗ ಬಿ.ಎನ್.ಎಸ್.ಎಸ್.ನ 528, ಬಿ.ಎನ್.ಎಸ್.ಎಸ್.ನ 482 ನಿರೀಕ್ಷಣಾ ಜಾಮೀನು. 144 ಎಂದರೆ ಮೊದಲು ನಿಷೇಧಾಜ್ಞೆ, ಹೊಸದರಲ್ಲಿ ಜೀವನಾಂಶ. ಹಾಗಾಗಿ ‘ಸಿಆರ್‌ಪಿಸಿ-482’, ‘ಬಿಎನ್‌ಎಸ್‌ಎಸ್-482’ ಎಂದು ಪೂರ್ತಿ ಬರೆಯಿರಿ. ತೀರ್ಪುಗಳ ಸಂಗ್ರಹಕ್ಕೆ ಹಳೆಯದು, ಹೊಸದು ಎರಡನ್ನೂ ಹಚ್ಚಿದರೆ ಜೀವನಾಂಶಕ್ಕೆ ಸಿಆರ್‌ಪಿಸಿ-125 ಹುಡುಕಿದವರಿಗೂ ಬಿಎನ್‌ಎಸ್‌ಎಸ್-144 ಹುಡುಕಿದವರಿಗೂ ಅದೇ ತೀರ್ಪು ಸಿಗುತ್ತದೆ.

ಕೋರ್ಟಿನಲ್ಲಿ ನಿಶಾನೆಯಾದ (ಸಾಕ್ಷ್ಯವೆಂದು ನಂಬರು ಬಿದ್ದ) ದಾಖಲೆಗೆ ‘ನಿಪಿ-03’ (ವಾದಿಯದು), ‘ನಿಡಿ-11’ (ಪ್ರತಿವಾದಿಯದು) ಎಂಬ ಟ್ಯಾಗ್ ಅದೇ ಸಂಜೆ ಬೀಳಬೇಕು. ಮುಖ್ಯ ವಿಚಾರಣೆ ಮುಗಿಸಿ ಬಂದವರು ಕೈಬರಹದ ಪಟ್ಟಿಯನ್ನು ಕಾರಕೂನರಿಗೆ ಕೊಡಲಿ. ವಾದದ ದಿನ ಎಲ್ಲರೂ ಮಾತಾಡುವುದು ನಿಶಾನೆ ನಂಬರಿನಲ್ಲೇ.

ಟ್ಯಾಗ್ ಎಲ್ಲಿ ಬರೆಯುವುದು? ವಿಂಡೋಸ್‌ನ ಪ್ರಾಪರ್ಟೀಸ್‌ನಲ್ಲಿ ವರ್ಡ್ ಕಡತ, ಫೋಟೋಗಳಿಗೆ ಟ್ಯಾಗ್ ಜಾಗವಿದೆ, ಪಿಡಿಎಫ್‌ಗೆ ಇಲ್ಲ. ನಮ್ಮ ಹತ್ತರಲ್ಲಿ ಒಂಬತ್ತು ಕಡತ ಪಿಡಿಎಫ್. ಮ್ಯಾಕ್‌ನ ಟ್ಯಾಗ್ ಪೆನ್‌ಡ್ರೈವ್ ಹತ್ತಿ ಬೇರೆ ಕಂಪ್ಯೂಟರಿಗೆ ಹೋದಾಗ ಕಳಚಿಬೀಳುತ್ತದೆ. ಸಣ್ಣ ಕಚೇರಿಗೆ ಗಟ್ಟಿಯಾದ ದಾರಿ, ರಿಜಿಸ್ಟರ್‌ನದೇ ಎರಡನೇ ಹಾಳೆ: ಕಡತದ ಹೆಸರು, ಟ್ಯಾಗ್‌ಗಳು, ಪುಟ, ಮೂಲ ಯಾರ ಬಳಿ. ಫಿಲ್ಟರ್ ಹಾಕಿದರೆ ಕ್ಷಣದಲ್ಲಿ ಸಿಗುತ್ತದೆ. ಕಂಪ್ಯೂಟರ್ ಬಲ್ಲವರೊಬ್ಬರು ಕೈಗೆ ಸಿಗುವಂತಿದ್ದರೆ ಪೇಪರ್‌ಲೆಸ್-ಎನ್‌ಜಿಎಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಕಚೇರಿಯ ಒಂದು ಕಂಪ್ಯೂಟರಿನಲ್ಲೇ ಹಾಕಿಸಬಹುದು; ಟ್ಯಾಗ್, ಓಸಿಆರ್, ಹುಡುಕಾಟ ಒಂದೇ ಕಡೆ ಆಗುತ್ತವೆ. ಅಂಥವರಿಲ್ಲದೆ ಹಾಕಿಸುವುದು ಬೇಡ.

ಮೊಬೈಲ್ ಸಾಕ್ಷ್ಯ, ಗೋಪ್ಯತೆ

ಪಕ್ಷಗಾರರು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರೆ ಅದು ಕುಗ್ಗಿ, ತೆಗೆದ ದಿನ-ಹೊತ್ತಿನ ಒಳವಿವರ ಕಳೆದುಕೊಂಡು ಬರುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಅದಕ್ಕಿಂತ ಒಳ್ಳೆಯದು ಕೇಬಲ್ ಹಚ್ಚಿ ನೇರವಾಗಿ ತೆಗೆದುಕೊಳ್ಳುವುದು, ಮೊಬೈಲನ್ನು ಜೋಪಾನ ಮಾಡಿಸುವುದು. ಬಂದ ಕಡತದ ಹ್ಯಾಶ್, ಅಂದರೆ ಅದರ ಒಳಗಿನದರಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಕೇತ, ಅಂದೇ ತೆಗೆಯಿರಿ. ಸೆವೆನ್-ಝಿಪ್ ಇದ್ದರೆ ಬಲ ಕ್ಲಿಕ್ಕಿನಲ್ಲಿ ಶಾ-256 ಸಿಗುತ್ತದೆ, 64 ಅಕ್ಷರದ ಆ ಸಾಲನ್ನು ರಿಜಿಸ್ಟರ್‌ಗೆ ಅಂಟಿಸಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯಬೇಕು. ಅದರ ಭಾಗ ಎ ಪಕ್ಷಗಾರರದು, ಭಾಗ ಬಿ ತಜ್ಞರದು. ಹೆಸರು ಬದಲಿಸಿದರೆ ಹ್ಯಾಶ್ ಬದಲಾಗುವುದಿಲ್ಲ, ಆದರೆ ಫೋಟೋ ತಿರುಗಿಸಿ ಉಳಿಸಿದರೆ ಬದಲಾಗುತ್ತದೆ. ವಿಂಡೋಸ್‌ನಲ್ಲಿ ಫೋಟೋಗೆ ಟ್ಯಾಗ್ ಹಚ್ಚಿದರೂ ಬದಲಾಗುತ್ತದೆ! ಮೂಲವನ್ನು ಮುಟ್ಟದೆ ಇಟ್ಟು ನಕಲಿನ ಮೇಲೆ ಕೆಲಸ ಮಾಡಿ.

ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ನೊಂದವರ ಹೆಸರು, ಊರು ಕಡತದ ಹೆಸರಿನಲ್ಲೂ ಟ್ಯಾಗಿನಲ್ಲೂ ಬರಬಾರದು. ಪೆನ್‌ಡ್ರೈವ್ ಝೆರಾಕ್ಸ್ ಅಂಗಡಿಗೆ ಹೋದಾಗ ಪರದೆಯ ಮೇಲೆ ಮೊದಲು ಕಾಣುವುದೇ ಹೆಸರುಗಳು. ಅಂಗಡಿಗೆ ಒಯ್ಯುವ ಪೆನ್‌ಡ್ರೈವ್‌ನಲ್ಲಿ ಅಂದಿನ ಮುದ್ರಣಕ್ಕೆ ಬೇಕಾದ್ದಷ್ಟೇ ಇರಲಿ.

ನಕಲುಗಳು ಮೂರಿರಲಿ: ಕಚೇರಿಯ ಕಂಪ್ಯೂಟರ್, ವಾರಕ್ಕೊಮ್ಮೆ ತುಂಬಿಸಿ ಮನೆಗೆ ಒಯ್ಯುವ ಹಾರ್ಡ್ ಡಿಸ್ಕ್, ಕ್ಲೌಡ್. ಕ್ಲೌಡ್ ಒಂದನ್ನೇ ನಂಬಿದರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಗೂಗಲ್ ಡ್ರೈವ್‌ನ ಕಸದ ಬುಟ್ಟಿ 30 ದಿನಕ್ಕೆ ತಾನೇ ಖಾಲಿಯಾಗುತ್ತದೆ.

ಮುಗಿದ ಪ್ರಕರಣದ ಫೋಲ್ಡರನ್ನು ‘ಮುಕ್ತಾಯ’ಕ್ಕೆ ಸರಿಸುವ ಮೊದಲು ಮೂಲ ಕಾಗದಗಳನ್ನು ರಸೀದಿ ಪಡೆದು ಮರಳಿಸಿ, ರಸೀದಿಯ ಸ್ಕ್ಯಾನ್ 01ಕ್ಕೆ ಹಾಕಿ. ಡಿಕ್ರಿ ಜಾರಿಗೆ 12 ವರ್ಷದ ಅವಧಿ ಇರುವುದರಿಂದ ಅಲ್ಲಿಯವರೆಗೆ ಏನನ್ನೂ ಅಳಿಸಬೇಡಿ. ಶಾಶ್ವತ ನಿರ್ಬಂಧಕಾಜ್ಞೆಯ ಡಿಕ್ರಿಗೆ ಆ ಮಿತಿಯೇ ಇಲ್ಲ, ಅಂಥದಕ್ಕೆ ‘ಅಳಿಸಬಾರದು’ ಎಂಬ ಟ್ಯಾಗ್ ಇರಲಿ.

ಕಪಾಟಿನಲ್ಲಿ ಕೆಂಪು ರುಮಾಲಿನಲ್ಲಿ ಕಟ್ಟಿಟ್ಟ ಹಳೆಯ ಫೈಲುಗಳನ್ನೆಲ್ಲ ಒಮ್ಮೆಲೇ ಬಿಚ್ಚಲು ಹೋಗಬೇಡಿ, ಮೂರನೇ ವಾರಕ್ಕೆ ಕೆಲಸ ನಿಂತುಹೋಗುತ್ತದೆ. ಹೊಸ ವಕಾಲತ್ತುಗಳನ್ನು ಇಂದಿನಿಂದಲೇ ಈ ಕ್ರಮಕ್ಕೆ ತನ್ನಿ. ಹಳೆಯದರಲ್ಲಿ ಡೈರಿಯಲ್ಲಿ ತಾರೀಖು ಬಿದ್ದದ್ದನ್ನು ಮಾತ್ರ ಹಿಂದಿನ ದಿನ ತೆಗೆದು, ನಂಬರು ಕೊಟ್ಟು, ಮೊದಲು 02 ಮತ್ತು 06ರ ಕಾಗದ ಸ್ಕ್ಯಾನ್ ಮಾಡಿ, ಉಳಿದದ್ದು ಮುಂದಿನ ತಾರೀಖಿಗೆ.